ಸೊನ್ನೆ ಬಂದರೆ ಕೆಲಸ ಆದಂತೆಯೇ?

ಪತ್ತಿನ ಸಹಕಾರ ಸಂಘದ ಕೌಂಟರಿಗೆ ಸದಸ್ಯರೊಬ್ಬರು ಉಳಿತಾಯ ಖಾತೆಯಿಂದ 5,000 ರೂಪಾಯಿ ತೆಗೆಯಲು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಗುಮಾಸ್ತರು ಖಾತೆ ಸಂಖ್ಯೆ, ಮೊತ್ತ ತುಂಬಿ ಬಟನ್ ಒತ್ತಿದೊಡನೆ ಡೇಟಾಬೇಸ್ ಒಳಗಿರುವ ಒಂದು ಸ್ಟೋರ್ಡ್ ಪ್ರೊಸೀಜರ್ ಓಡುತ್ತದೆ. ಹಣ ಕಡಿತವಾಗಿ ಕೆಲಸ ಮುಗಿಯಬಹುದು. ಖಾತೆಯಲ್ಲಿ ಅಷ್ಟು ಹಣವೇ ಇಲ್ಲದಿರಬಹುದು. ಖಾತೆಯನ್ನು ಯಾರೋ ಸ್ಥಗಿತಗೊಳಿಸಿರಬಹುದು. ಅದೇ ಹೊತ್ತಿಗೆ ಬಡ್ಡಿ ಜಮಾ ಮಾಡುತ್ತಿರುವ ಇನ್ನೊಂದು ಪ್ರೊಸೀಜರ್ ಜೊತೆ ಡೆಡ್‌ಲಾಕ್ ಆಗಬಹುದು. ಡಿಸ್ಕ್ ತುಂಬಿಹೋಗಿರಬಹುದು. ಇವುಗಳಲ್ಲಿ ಯಾವುದು ಆಯಿತು ಎಂಬುದನ್ನು ಆ ಪ್ರೊಸೀಜರ್ ತನ್ನನ್ನು ಕರೆದ ಪ್ರೋಗ್ರಾಮಿಗೆ ಹೇಗೆ ತಿಳಿಸಬೇಕು?

ಡೇಟಾಬೇಸ್ ಕೆಲಸ ಮಾಡುವವರು ಈ ವಿಷಯದಲ್ಲಿ ಎರಡು ಪಂಗಡ. ಎರಡರಲ್ಲೂ ಅನುಭವಸ್ಥರಿದ್ದಾರೆ. ಒಂದು ಪಂಗಡದವರು ಹೇಳುವುದು, ಪ್ರೊಸೀಜರ್ ಒಂದು ಸಂಖ್ಯೆಯನ್ನು ಹಿಂದಿರುಗಿಸಲಿ: 0 ಎಂದರೆ ಆಯಿತು, 1 ಎಂದರೆ ಹಣ ಸಾಲದು, 2 ಎಂದರೆ ಖಾತೆ ಸ್ಥಗಿತ. ಬೇಕಿದ್ದರೆ ಔಟ್‌ಪುಟ್ ಪ್ಯಾರಾಮೀಟರಿನಲ್ಲಿ ಒಂದು ಸಂದೇಶವನ್ನೂ ಕಳಿಸಲಿ. ಇನ್ನೊಂದು ಪಂಗಡದವರ ಮಾತು ಬೇರೆ. ಕೆಲಸ ಆಗಲಿಲ್ಲವೆಂದರೆ ಎರರ್ ಎಬ್ಬಿಸಬೇಕು, ಕರೆದ ಪ್ರೋಗ್ರಾಮು ಅದನ್ನು ನೋಡದೆ ಮುಂದೆ ಹೋಗಲು ಸಾಧ್ಯವೇ ಆಗಬಾರದು ಎನ್ನುತ್ತಾರೆ. ಇಲ್ಲಿ ನಾನು ಹೆಚ್ಚಾಗಿ ಎಸ್‌ಕ್ಯೂಎಲ್ ಸರ್ವರ್ ಇಟ್ಟುಕೊಂಡೇ ಮಾತಾಡುತ್ತೇನೆ. ಎರಡೂ ದಾರಿ ಅದರಲ್ಲಿ ಪೂರ್ತಿ ತೆರೆದಿವೆ, ಹಾಗಾಗಿ ವಾದವೂ ಅಲ್ಲೇ ಹೆಚ್ಚು.

ವಾದಕ್ಕೆ ಇಳಿಯುವ ಮೊದಲು ಹಣ ಕಡಿತ ಮಾಡುವ ಆ ಒಂದು ಸಾಲನ್ನು ಹತ್ತಿರದಿಂದ ನೋಡಬೇಕು. ಅನುಭವಸ್ಥರು ಅದನ್ನು ಬರೆಯುವುದು ಹೀಗೆ: ಈ ಖಾತೆಯ ಶಿಲ್ಕಿನಿಂದ 5,000 ಕಳೆ, ಶಿಲ್ಕು ಕನಿಷ್ಠ 5,000 ಇದ್ದರೆ ಮಾತ್ರ. ಮೊದಲು ಶಿಲ್ಕು ಓದಿ, ಆಮೇಲೆ ಕಳೆಯುವ ಎರಡು ಹೆಜ್ಜೆಯ ಬರವಣಿಗೆಯಲ್ಲಿ ನಡುವೆ ಇನ್ನೊಬ್ಬರು ನುಸುಳಿ ಅದೇ ಹಣ ತೆಗೆಯುವ ಅಪಾಯವಿದೆ. ಎರಡನ್ನೂ ಒಂದೇ ಅಪ್‌ಡೇಟ್ ಸಾಲಿನಲ್ಲಿ ಸೇರಿಸುವುದು ಅದಕ್ಕಾಗಿಯೇ. ಈಗ ಖಾತೆಯಲ್ಲಿ ಇರುವುದು 3,000 ಮಾತ್ರ ಎನ್ನಿ. ಆ ಅಪ್‌ಡೇಟ್ ಯಾವ ಸಾಲನ್ನೂ ಮುಟ್ಟುವುದಿಲ್ಲ. ಡೇಟಾಬೇಸಿನ ಲೆಕ್ಕದಲ್ಲಿ ಇದು ಎರರ್ ಅಲ್ಲವೇ ಅಲ್ಲ. ಷರತ್ತಿಗೆ ಹೊಂದುವ ಸಾಲು ಒಂದೂ ಇರಲಿಲ್ಲ, ಒಂದನ್ನೂ ಬದಲಿಸಲಿಲ್ಲ, ಅಷ್ಟೇ. ಮರುಸಾಲಿನಲ್ಲೇ @@ರೋಕೌಂಟ್ ನೋಡಿದವರಿಗೆ ಮಾತ್ರ ಏನೂ ನಡೆದಿಲ್ಲ ಎಂಬುದು ಗೊತ್ತಾಗುತ್ತದೆ.

ಇದೇ ನಿಯಮವನ್ನು ಇನ್ನೊಂದು ರೀತಿಯಲ್ಲೂ ಹಾಕಬಹುದು. ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದು ಎಂದು ಟೇಬಲ್ ಮೇಲೆಯೇ ಚೆಕ್ ಕನ್‌ಸ್ಟ್ರೇಂಟ್ ಇಟ್ಟು, ಅಪ್‌ಡೇಟ್‌ನಲ್ಲಿ ಷರತ್ತು ಹಾಕದೆ ಬಿಟ್ಟರೆ ಅದೇ 3,000 ರೂಪಾಯಿಯ ಖಾತೆ 547ನೇ ಸಂಖ್ಯೆಯ ಎರರ್ ಕೊಡುತ್ತದೆ. ಸದಸ್ಯರೂ ಅವರೇ, ಖಾತೆಯೂ ಅದೇ, ಕೊರತೆಯೂ ಅದೇ. ಒಂದು ಬರವಣಿಗೆಯಲ್ಲಿ ಅದು ಮೌನ, ಇನ್ನೊಂದರಲ್ಲಿ ಅದು ಎರರ್. ಹಾಗಾಗಿ ಯಾವುದು ನಿಜವಾದ ಎರರ್ ಎಂದು ಡೇಟಾಬೇಸ್ ತಾನಾಗಿ ತೀರ್ಮಾನಿಸಿ ಕೊಡುತ್ತದೆ ಎಂದು ಯಾರೂ ನಂಬಿ ಕೂರುವಂತಿಲ್ಲ. ಆ ತೀರ್ಮಾನ ಬರೆಯುವವರದ್ದು.

ಮೊದಲು ಕೋಡ್ ಪರವಾದ ಪಂಗಡದ ಮಾತು ಕೇಳೋಣ. ಖಾತೆಯಲ್ಲಿ ಹಣ ಸಾಲದೆ ಹೋಗುವುದು ಆಪತ್ತೇನಲ್ಲ, ದಿನಾ ನಡೆಯುವ ಸಂಗತಿ. ಅದಕ್ಕೆ ಉತ್ತರವೂ ಮೊದಲೇ ಸಿದ್ಧವಿರುತ್ತದೆ: ಗುಮಾಸ್ತರ ಪರದೆಯ ಮೇಲೆ ಶಿಲ್ಕು ತೋರಿಸಿ, ಕಡಿಮೆ ಮೊತ್ತ ಬರೆಯಲು ಹೇಳುವುದು. ಹೀಗೆ ನಿರೀಕ್ಷಿತವಾದ ಫಲಿತಾಂಶಕ್ಕೆ ಎಕ್ಸೆಪ್ಷನ್ ಯಂತ್ರವನ್ನೆಲ್ಲ ಓಡಿಸುವುದೇಕೆ, ಲಾಗ್ ಕಡತದಲ್ಲಿ ಕೆಂಪು ಸಾಲುಗಳನ್ನು ತುಂಬಿಸುವುದೇಕೆ ಎಂದು ಅವರು ಕೇಳುತ್ತಾರೆ. ಲಾಗ್ ತುಂಬ ಇಂಥ ಸಾಲುಗಳೇ ಇದ್ದರೆ ನಿಜವಾದ ಆಪತ್ತಿನ ಸಾಲು ಅವುಗಳ ನಡುವೆ ಮುಚ್ಚಿಹೋಗುತ್ತದೆ ಎಂಬುದು ಅವರ ಕಳವಳ. ಆ ಕಳವಳ ಸಕಾರಣವಾದದ್ದು.

ಅವರ ಕೈಯಲ್ಲಿ ದೊಡ್ಡದೊಂದು ಉದಾಹರಣೆಯೂ ಇದೆ. ಎಟಿಎಂ ಯಂತ್ರಕ್ಕೂ ಬ್ಯಾಂಕಿನ ಸರ್ವರಿಗೂ ನಡುವೆ ಹರಿಯುವ ಸಂದೇಶಗಳ ಮಾನದಂಡ ಐಎಸ್‌ಒ 8583. ಅದರ 39ನೇ ಕ್ಷೇತ್ರದಲ್ಲಿ ಎರಡೇ ಅಕ್ಷರಗಳ ಉತ್ತರ ಬರುತ್ತದೆ: 00 ಎಂದರೆ ಒಪ್ಪಿಗೆ, 51 ಎಂದರೆ ಹಣ ಸಾಲದು, 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ, 55 ಎಂದರೆ ಪಿನ್ ತಪ್ಪು, 91 ಎಂದರೆ ಕಾರ್ಡ್ ಕೊಟ್ಟ ಬ್ಯಾಂಕೇ ಸಿಗುತ್ತಿಲ್ಲ. ಒಂದು ಬ್ಯಾಂಕಿನ ಯಂತ್ರ ಇನ್ನೊಂದು ಬ್ಯಾಂಕಿನ ಕಾರ್ಡಿಗೆ ಹಣ ಕೊಡುವ ವ್ಯವಸ್ಥೆ ಇಂಥ ಸಣ್ಣ ಪಟ್ಟಿಯ ಮೇಲೆ ನಿಂತು ದಶಕಗಳಿಂದ ನಡೆದಿದೆ. ಸಂಸ್ಥೆಗಳ ನಡುವಿನ ಗಡಿ ದಾಟುವಾಗ ಒಬ್ಬರ ಎಕ್ಸೆಪ್ಷನ್ ಇನ್ನೊಬ್ಬರ ಮನೆಗೆ ಹೋಗಿ ಇಳಿಯುವುದಿಲ್ಲ. ಹೋಗಿ ತಲುಪುವುದು ಇಬ್ಬರೂ ಒಪ್ಪಿಕೊಂಡ ಕೋಡ್ ಮಾತ್ರ.

ಕನ್ನಡದ ಕಾರಣಕ್ಕೂ ನಾನು ಈ ಪಂಗಡದ ಮಾತಿಗೆ ಹೆಚ್ಚು ಕಿವಿಗೊಡುತ್ತೇನೆ. ಎಸ್‌ಕ್ಯೂಎಲ್ ಸರ್ವರ್ ತನ್ನ ಎರರ್ ಮೆಸೇಜುಗಳನ್ನು ಸಿಸ್ ಡಾಟ್ ಮೆಸೇಜಸ್ ಎಂಬಲ್ಲಿ ಭಾಷೆವಾರು ಇಟ್ಟುಕೊಂಡಿದೆ. ನಮ್ಮದೇ ಸಂದೇಶಗಳನ್ನು ಅಲ್ಲಿ ಸೇರಿಸಲು ಎಸ್‌ಪಿ_ಆ್ಯಡ್‌ಮೆಸೇಜ್ ಎಂಬ ಸೌಲಭ್ಯವೂ ಇದೆ. ಆದರೆ ಸೇರಿಸಬಹುದಾದ್ದು ಸರ್ವರಿಗೆ ಗೊತ್ತಿರುವ ಭಾಷೆಗಳಲ್ಲಿ ಮಾತ್ರ. ಜರ್ಮನ್, ಫ್ರೆಂಚ್, ಜಪಾನಿ, ಅರೇಬಿಕ್ ಎಲ್ಲ ಇರುವ ಆ ಪಟ್ಟಿಯಲ್ಲಿ ಕನ್ನಡವಿಲ್ಲ, ಬೇರೆ ಯಾವ ಭಾರತೀಯ ಭಾಷೆಯೂ ಇಲ್ಲ. ಸರಿ, ಪ್ರೊಸೀಜರ್ ಒಳಗೇ ಕನ್ನಡ ವಾಕ್ಯ ಬರೆದು ಎರರ್ ಎಬ್ಬಿಸೋಣ ಎಂದು ಹೊರಟರೆ ಇನ್ನೊಂದು ತೊಡಕು: ವಾಕ್ಯದ ಮುಂದೆ ಎನ್ ಅಕ್ಷರ ಹಾಕಲು ಮರೆತರೆ, ಅಥವಾ ಎನ್‌ವಾರ್‌ಚಾರ್ ಬದಲು ವಾರ್‌ಚಾರ್ ವೇರಿಯಬಲ್ ಬಳಸಿದರೆ, ಸಾಮಾನ್ಯ ಕೊಲೇಷನ್‌ಗಳಲ್ಲಿ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ. ಸಂಘದ ಗುಮಾಸ್ತರಿಗೆ ಕನ್ನಡದಲ್ಲೇ ವಿಷಯ ತಿಳಿಯಬೇಕು. ಅದಕ್ಕೆ ಗಟ್ಟಿಯಾದ ದಾರಿ ಎಂದರೆ ಡೇಟಾಬೇಸಿನಿಂದ 1 ಎಂಬ ಕೋಡ್ ಬರುವುದು, ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ವಾಕ್ಯ ಅಪ್ಲಿಕೇಶನ್ನಿನ ಕನ್ನಡ ಕಡತದಿಂದ ಬರುವುದು. ನಾಳೆ ವಾಕ್ಯ ತಿದ್ದಬೇಕೆನಿಸಿದರೆ ಪ್ರೊಸೀಜರನ್ನು ಮುಟ್ಟಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಕೋಡ್ ದಾರಿಯ ದೊಡ್ಡ ದೋಷವನ್ನೂ ಅಷ್ಟೇ ಬಿಚ್ಚಿ ಹೇಳಬೇಕು. ಕೋಡನ್ನು ನೋಡದೆ ಬಿಡಬಹುದು. ಬಿಟ್ಟರೆ ಯಾರೂ ಕೇಳುವುದಿಲ್ಲ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಈ ಮೌನಕ್ಕೆ ಎಷ್ಟೊಂದು ಬಾಗಿಲುಗಳಿವೆ ನೋಡಿ. ಪ್ರೊಸೀಜರ್ ರಿಟರ್ನ್ ಸಾಲೇ ಇಲ್ಲದೆ ಸುಸೂತ್ರವಾಗಿ ಮುಗಿದರೆ ಹಿಂದಿರುಗುವುದು 0. ನಲ್ ಹಿಂದಿರುಗಿಸಲು ಹೋದರೆ ಒಂದು ಎಚ್ಚರಿಕೆಯ ಸಂದೇಶ ಕೊಟ್ಟು, ಅದನ್ನೂ 0 ಮಾಡಿ ಕಳಿಸುತ್ತದೆ. ಅಂದರೆ ಯಾವ ವೇರಿಯಬಲ್‌ನಲ್ಲಿ ಕೋಡ್ ಇಟ್ಟಿದ್ದೀರೋ ಅದಕ್ಕೆ ಬೆಲೆ ತುಂಬಲು ಮರೆತಿದ್ದರೆ, ಕರೆದವರಿಗೆ ತಲುಪುವುದು ‘ಎಲ್ಲ ಸರಿ’ ಎಂಬ ಸುದ್ದಿ. ಔಟ್‌ಪುಟ್ ಪ್ಯಾರಾಮೀಟರಿನ ಪಾಡು ಇನ್ನೂ ಸೂಕ್ಷ್ಮ. ಔಟ್‌ಪುಟ್ ಎಂಬ ಪದ ಪ್ರೊಸೀಜರಿನ ಘೋಷಣೆಯಲ್ಲೂ ಇರಬೇಕು, ಅದನ್ನು ಕರೆಯುವ ಸಾಲಿನಲ್ಲೂ ಇರಬೇಕು. ಕರೆಯುವ ಸಾಲಿನಲ್ಲಿ ಬಿಟ್ಟುಹೋದರೆ ಎರರ್ ಬರುವುದಿಲ್ಲ, ಬೆಲೆಯೂ ಬರುವುದಿಲ್ಲ. ವೇರಿಯಬಲ್ ಮೊದಲು ಹೇಗಿತ್ತೋ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಸಂದರ್ಭ ಇದಕ್ಕಿಂತ ಗಂಭೀರ. ಪ್ರೊಸೀಜರ್ ಒಳಗೆ ಬಳಸಿದ ಟೇಬಲ್ ಒಂದು ಇಲ್ಲವೇ ಇಲ್ಲ ಎಂದಾದರೆ 208ನೇ ಎರರ್ ಬಂದು ಪ್ರೊಸೀಜರ್ ಅಲ್ಲಿಗೇ ನಿಲ್ಲುತ್ತದೆ. ಆದರೆ ಅದನ್ನು ಕರೆದ ಟಿ-ಎಸ್‌ಕ್ಯೂಎಲ್ ಕೋಡಿನಲ್ಲಿ ಟ್ರೈ-ಕ್ಯಾಚ್ ಇಲ್ಲದಿದ್ದರೆ ಅದು ಮುಂದಿನ ಸಾಲಿಗೆ ಹೋಗುತ್ತದೆ, ರಿಟರ್ನ್ ವ್ಯಾಲ್ಯೂ ಹಿಡಿಯಲು ಇಟ್ಟ ವೇರಿಯಬಲ್‌ಗೆ ಏನೂ ಬಂದಿರುವುದಿಲ್ಲ. ಆ ವೇರಿಯಬಲ್‌ಗೆ ಮೊದಲೇ 0 ತುಂಬಿಟ್ಟಿದ್ದರೆ ಮುಂದಿನ ಸಾಲಿನ ತಪಾಸಣೆ ನಿರಾತಂಕವಾಗಿ ದಾಟಿಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಎರರ್ ಆದರೂ ಪ್ರೊಸೀಜರ್ ಕೊನೆಯವರೆಗೆ ಓಡಿದಾಗ -6ರಂಥ ಸಂಖ್ಯೆಗಳು ತಾವಾಗಿಯೇ ಹಿಂದಿರುಗುವುದನ್ನು ಹಲವರು ಕಂಡಿರುತ್ತಾರೆ. ಅದರ ಮೇಲೆ ಲೆಕ್ಕ ಹಾಕಿ ಪ್ರೋಗ್ರಾಮ್ ಬರೆಯುವುದು ಬೇಡ. ರಿಟರ್ನ್ ವ್ಯಾಲ್ಯೂ ಹಿಡಿಯುವ ವೇರಿಯಬಲ್‌ಗೆ ಕರೆಯುವ ಮುನ್ನ ಒಂದು ಕೆಟ್ಟ ಬೆಲೆ, ಉದಾಹರಣೆಗೆ -999, ತುಂಬಿಡುವ ಅಭ್ಯಾಸ ಕೋಡ್ ಪಂಗಡದ ಹಳಬರಲ್ಲಿದೆ. ಒಳ್ಳೆಯ ಅಭ್ಯಾಸ ಅದು.

ರಿಟರ್ನ್ ವ್ಯಾಲ್ಯೂ ಒಂದೇ ಒಂದು ಪೂರ್ಣಾಂಕ, ನಾಲ್ಕು ಬೈಟ್. ಇದನ್ನು ಮರೆತು ಹೊಸದಾಗಿ ಸೇರಿಸಿದ ಸಾಲಿನ ಐಡಿಯನ್ನೇ ಅದರಲ್ಲಿ ಕಳಿಸುವ ರೂಢಿ ಹಲವು ಕಡೆ ಬೆಳೆದಿದೆ. ಐಡಿ ಕಾಲಂ ಬಿಗ್‌ಇಂಟ್ ಆಗಿ, ಎಣಿಕೆ 2,147,483,647 ದಾಟಿದ ದಿನ ಅದು ಮುರಿಯುತ್ತದೆ. ಅದಕ್ಕಿಂತ ಮೊದಲೇ ಇನ್ನೊಂದು ಗೊಂದಲ ಇದ್ದೇ ಇರುತ್ತದೆ: ಒಂದು ಪ್ರೊಸೀಜರಿನಲ್ಲಿ 5 ಎಂದರೆ ಐದನೇ ಸಾಲಿನ ಐಡಿ, ಪಕ್ಕದ ಪ್ರೊಸೀಜರಿನಲ್ಲಿ 5 ಎಂದರೆ ಐದನೇ ಬಗೆಯ ವೈಫಲ್ಯ. ಬೆಲೆಗಳನ್ನು ಔಟ್‌ಪುಟ್ ಪ್ಯಾರಾಮೀಟರಿನಲ್ಲಿ ಕಳಿಸಿ, ರಿಟರ್ನ್ ವ್ಯಾಲ್ಯೂವನ್ನು ಸ್ಥಿತಿಗೆ ಮಾತ್ರ ಮೀಸಲಿಡಿ ಎಂಬ ಮಾತಿನಲ್ಲಿ ಎರಡೂ ಪಂಗಡಗಳಿಗೆ ಒಪ್ಪಿಗೆಯಿದೆ.

ಹೀಗಿದ್ದೂ ಕೋಡ್ ಪದ್ಧತಿ ಇಷ್ಟು ಬೇರುಬಿಟ್ಟದ್ದು ಏಕೆ ಎಂದರೆ, ಬಹಳ ಕಾಲ ಬೇರೆ ಗತಿ ಇರಲಿಲ್ಲ. ಮೈಕ್ರೋಸಾಫ್ಟ್, ಸೈಬೇಸ್, ಆ್ಯಷ್ಟನ್-ಟೇಟ್ ಕೂಡಿ ಓಎಸ್/2 ಮೇಲೆ ಎಸ್‌ಕ್ಯೂಎಲ್ ಸರ್ವರ್ ಹೊರತಂದದ್ದು 1989ರಲ್ಲಿ. ಟ್ರೈ-ಕ್ಯಾಚ್ ಬಂದದ್ದು 2005ರ ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಇದ್ದದ್ದು @@ಎರರ್ ಒಂದೇ. ಅದು ಪ್ರತಿ ಸಾಲಿಗೂ ಹೊಸದಾಗುತ್ತದೆ. ‘@@ಎರರ್ ಸೊನ್ನೆಯಲ್ಲದಿದ್ದರೆ’ ಎಂದು ಕೇಳಿ, ಮರುಸಾಲಿನಲ್ಲಿ ಅದನ್ನೇ ಮುದ್ರಿಸಲು ಹೋದರೆ ಬರುವುದು 0, ಏಕೆಂದರೆ ಕೇಳಿದ ಸಾಲೇ ಅದನ್ನು ಅಳಿಸಿಬಿಟ್ಟಿರುತ್ತದೆ. ಆದ್ದರಿಂದ ಪ್ರತಿ ಇನ್‌ಸರ್ಟ್, ಅಪ್‌ಡೇಟ್ ಆದ ಕೂಡಲೆ ಅದನ್ನು ಬೇರೆ ವೇರಿಯಬಲ್‌ಗೆ ಎತ್ತಿಟ್ಟುಕೊಂಡು, ಪರೀಕ್ಷಿಸಿ, ಕೋಡ್ ಹಿಂದಿರುಗಿಸಿ, ಮೇಲಿನ ಪ್ರೊಸೀಜರ್ ಮತ್ತೆ ಅದನ್ನು ಪರೀಕ್ಷಿಸಿ ತನ್ನ ಕೋಡ್ ಹಿಂದಿರುಗಿಸಿ, ಹೀಗೆ ಸಾಗಬೇಕಿತ್ತು. ಆ ಶಿಸ್ತಿನಲ್ಲಿ ಕೆಲಸ ಮಾಡಿದವರ ಕೋಡ್ ಇಂದಿಗೂ ಎಷ್ಟೋ ಕಡೆ ಓಡುತ್ತಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಸರಪಳಿಯ ಒಂದು ಕೊಂಡಿ ತಪ್ಪಿದರೆ ಮೇಲಿನವರಿಗೆ ಏನೂ ಗೊತ್ತಾಗುವುದಿಲ್ಲ.

ಎರರ್ ಪಂಗಡದ ಬಲ ಇರುವುದು ಇಲ್ಲೇ. ಕ್ಯಾಚ್ ಒಳಗೆ ಎರರ್ ಸಂಖ್ಯೆ, ಸಂದೇಶ, ಯಾವ ಪ್ರೊಸೀಜರ್, ಎಷ್ಟನೇ ಸಾಲು ಎಂಬುದೆಲ್ಲ ಸಿಗುತ್ತದೆ. 2012ರ ಆವೃತ್ತಿಯಲ್ಲಿ ಬಂದ ಥ್ರೋ, ಹಿಡಿದ ಎರರನ್ನು ಸಂಖ್ಯೆ ಬದಲಾಗದಂತೆ ಹಾಗೆಯೇ ಮೇಲಕ್ಕೆ ಕಳಿಸುತ್ತದೆ. ಅಪ್ಲಿಕೇಶನ್‌ಗೆ ಅದು ಎಸ್‌ಕ್ಯೂಎಲ್ ಎಕ್ಸೆಪ್ಷನ್ ಆಗಿ ತಲುಪುತ್ತದೆ. 1205 ಬಂತೇ, ಡೆಡ್‌ಲಾಕ್, ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸು. 2627 ಬಂತೇ, ಅದೇ ಕೀಲಿಯ ಸಾಲು ಆಗಲೇ ಇದೆ. ಯಾರೂ ಹಿಡಿಯದಿದ್ದರೆ ಪ್ರೋಗ್ರಾಮ್ ನಿಲ್ಲುತ್ತದೆ, ಹಣದ ವ್ಯವಹಾರದಲ್ಲಿ ನಿಲ್ಲುವುದೇ ಒಳ್ಳೆಯದು. ಸದಸ್ಯರಿಗೆ ನಗದು ಕೊಟ್ಟು ಖಾತೆಯಲ್ಲಿ ಕಡಿತವಾಗದೆ ಉಳಿಯುವುದಕ್ಕಿಂತ, ಕೌಂಟರಿನಲ್ಲಿ ಕೆಲಸ ಸ್ವಲ್ಪ ಹೊತ್ತು ನಿಂತರೆ ನಷ್ಟ ಕಡಿಮೆ.

ಈ ಪಂಗಡದ ಅತಿ ಗಟ್ಟಿಯಾದ ಸಾಕ್ಷಿ ರಾತ್ರಿಯ ಜಾಬ್‌ಗಳಲ್ಲಿದೆ. ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಮೂಲಕ ಓಡುವ ಟಿ-ಎಸ್‌ಕ್ಯೂಎಲ್ ಹೆಜ್ಜೆಯೊಂದು ಪ್ರೊಸೀಜರನ್ನು ಕರೆದು, ಆ ಪ್ರೊಸೀಜರ್ 5 ಎಂಬ ರಿಟರ್ನ್ ವ್ಯಾಲ್ಯೂ ಕೊಟ್ಟು ಮುಗಿದರೆ, ಏಜೆಂಟ್ ಆ ಹೆಜ್ಜೆಯನ್ನು ಯಶಸ್ವಿ ಎಂದೇ ದಾಖಲಿಸುತ್ತದೆ. ಅದು ನೋಡುವುದು ಎರರ್ ಎದ್ದಿತೇ ಎಂದು ಮಾತ್ರ. ಬಡ್ಡಿ ಜಮಾ ಆಗದ ರಾತ್ರಿಯ ಮರುದಿನ ಬೆಳಿಗ್ಗೆಯೂ ಜಾಬ್ ಚರಿತ್ರೆಯಲ್ಲಿ ಹಸಿರು ಗುರುತೇ ಇರುತ್ತದೆ. ಪ್ರೊಸೀಜರ್ ಬರೆದವರಿಗೆ ಅದನ್ನು ಯಾರು ಯಾರು ಕರೆಯಲಿದ್ದಾರೆಂಬುದು ಮುಂಚೆ ಗೊತ್ತಿರುವುದಿಲ್ಲ. ವೆಬ್ ಅಪ್ಲಿಕೇಶನ್ ಒಂದೇ ಅಲ್ಲ, ಜಾಬ್, ವರದಿ, ಇನ್ನೊಬ್ಬರ ಸ್ಕ್ರಿಪ್ಟ್, ಕೈಯಿಂದ ಓಡಿಸುವ ಡಿಬಿಎ, ಎಲ್ಲರೂ ಕರೆಯುತ್ತಾರೆ. ಇವರಲ್ಲಿ ಪ್ರತಿಯೊಬ್ಬರೂ ಕೋಡ್ ನೋಡುತ್ತಾರೆಂದು ನಂಬುವುದು ಕಷ್ಟ.

ಎರರ್ ದಾರಿಯೂ ಸಲೀಸಲ್ಲ. ಬಹಳ ಜನ ಎಡವುವುದು ರೈಸ್‌ಎರರ್‌ನಲ್ಲಿ. ಟ್ರೈ ಹೊರಗೆ ಅದನ್ನು ಬಳಸಿದರೆ ಸಂದೇಶ ಹೊರಡುತ್ತದೆ, ಆದರೆ ಪ್ರೊಸೀಜರ್ ನಿಲ್ಲುವುದಿಲ್ಲ. ‘ಹಣ ಸಾಲದು’ ಎಂದು ಎರರ್ ಎಬ್ಬಿಸಿದ ಮರುಸಾಲಿನಲ್ಲೇ ಪಾವತಿಯ ದಾಖಲೆ ಸೇರಿಸುವ ಇನ್‌ಸರ್ಟ್ ಇದ್ದರೆ ಅದೂ ಓಡುತ್ತದೆ. ಸಿವಿಯಾರಿಟಿ 10 ಅಥವಾ ಅದಕ್ಕಿಂತ ಕಡಿಮೆ ಕೊಟ್ಟರೆ ಅದು ಎರರೇ ಅಲ್ಲ, ಬರಿಯ ಮಾಹಿತಿ. ಕ್ಯಾಚ್‌ಗೆ ಹೋಗುವುದಿಲ್ಲ, ಎಡಿಒ ಡಾಟ್ ನೆಟ್‌ನಲ್ಲಿ ಎಕ್ಸೆಪ್ಷನ್ ಆಗುವುದಿಲ್ಲ. ಇನ್ಫೋಮೆಸೇಜ್ ಎಂಬ ಈವೆಂಟ್‌ಗೆ ಕಿವಿ ಇಟ್ಟವರಿಗೆ ಮಾತ್ರ ಕೇಳಿಸುತ್ತದೆ. ಎರರ್ ಬಂದರೆ ಇಡೀ ಟ್ರಾನ್ಸಾಕ್ಷನ್ ರದ್ದುಮಾಡಿಸುವ ಎಕ್ಸ್‌ಆ್ಯಕ್ಟ್_ಅಬಾರ್ಟ್ ಸೆಟ್ಟಿಂಗ್ ಆನ್ ಇದ್ದಾಗ ಥ್ರೋ ಅದಕ್ಕೆ ಮಣಿಯುತ್ತದೆ, ರೈಸ್‌ಎರರ್ ಮಣಿಯುವುದಿಲ್ಲ. ಥ್ರೋಗೂ ತನ್ನದೊಂದು ಮುಳ್ಳಿದೆ. ಅದರ ಹಿಂದಿನ ಸಾಲು ಸೆಮಿಕೋಲನ್‌ನಿಂದ ಮುಗಿಯಲೇಬೇಕು. ‘ರೋಲ್‌ಬ್ಯಾಕ್ ಟ್ರಾನ್ಸಾಕ್ಷನ್’ ಎಂದು ಬರೆದು ಸೆಮಿಕೋಲನ್ ಇಲ್ಲದೆ ಕೆಳಗೆ ‘ಥ್ರೋ’ ಎಂದರೆ, ಸರ್ವರ್ ಅದನ್ನು ಥ್ರೋ ಎಂಬ ಹೆಸರಿನ ಟ್ರಾನ್ಸಾಕ್ಷನ್ ಎಂದು ಓದುತ್ತದೆ. ಮೂಲ ಎರರ್ ಮರೆಯಾಗಿ, ಆ ಹೆಸರಿನ ಟ್ರಾನ್ಸಾಕ್ಷನ್ ಇಲ್ಲ ಎಂಬ ಸಂಬಂಧವಿಲ್ಲದ ದೂರು ಕೈಗೆ ಬರುತ್ತದೆ.

ಟ್ರಾನ್ಸಾಕ್ಷನ್‌ನ ವಿಷಯ ಇನ್ನೂ ಆಳವಾದದ್ದು. ಸಾವಿರಾರು ಖಾತೆಗಳಿಗೆ ಬಡ್ಡಿ ಜಮಾ ಮಾಡುವ ಪ್ರೊಸೀಜರ್ ಒಂದೊಂದು ಖಾತೆಗೂ ಒಳಗಿನ ಇನ್ನೊಂದು ಪ್ರೊಸೀಜರನ್ನು ಕರೆಯುತ್ತದೆ ಎನ್ನಿ. ಒಂದು ಖಾತೆಗೆ ಬಡ್ಡಿದರ ನಮೂದಾಗಿಲ್ಲ. ಒಳಗಿನದು ಥ್ರೋ ಮಾಡಿದರೆ, ಎಕ್ಸ್‌ಆ್ಯಕ್ಟ್_ಅಬಾರ್ಟ್ ಆನ್ ಇದ್ದಲ್ಲಿ ಮೇಲಿನದು ಕ್ಯಾಚ್‌ನಲ್ಲಿ ಹಿಡಿದರೂ ಟ್ರಾನ್ಸಾಕ್ಷನ್ ಅಷ್ಟರಲ್ಲಿ ಕೆಟ್ಟಿರುತ್ತದೆ, ಎಕ್ಸ್‌ಆ್ಯಕ್ಟ್_ಸ್ಟೇಟ್ -1 ತೋರಿಸುತ್ತದೆ. ಆ ಸ್ಥಿತಿಯಲ್ಲಿ ಕಮಿಟ್ ಮಾಡುವಂತಿಲ್ಲ, ಸೇವ್‌ಪಾಯಿಂಟಿಗೆ ಹಿಂದೆ ಸರಿಯುವಂತಿಲ್ಲ, ‘ಈ ಖಾತೆಯಲ್ಲಿ ತೊಂದರೆ ಇದೆ’ ಎಂದು ಲಾಗ್ ಟೇಬಲ್‌ಗೆ ಬರೆಯುವಂತೆಯೂ ಇಲ್ಲ. ಪೂರ್ತಿ ರೋಲ್‌ಬ್ಯಾಕ್ ಒಂದೇ ದಾರಿ. ಆವರೆಗೆ ಸರಿಯಾಗಿ ಜಮಾ ಆದ ಖಾತೆಗಳೂ ಹಿಂದಕ್ಕೆ ಹೋಗುತ್ತವೆ. ಒಳಗಿನ ಪ್ರೊಸೀಜರ್ ‘ದರ ಇಲ್ಲ’ ಎಂಬ ಕೋಡ್ ಕೊಟ್ಟಿದ್ದರೆ ಮೇಲಿನದು ಆ ಖಾತೆಯನ್ನು ಬರೆದಿಟ್ಟುಕೊಂಡು ಮುಂದಕ್ಕೆ ಹೋಗಬಹುದಿತ್ತು. ಎರರ್ ಪಂಗಡದವರು ಇದಕ್ಕೂ ಉತ್ತರ ಕೊಡುತ್ತಾರೆ: ಒಂದೊಂದು ಖಾತೆಗೂ ಬೇರೆ ಟ್ರಾನ್ಸಾಕ್ಷನ್ ಇಡಿ. ಅದೂ ಆಗಬಹುದು. ಆದರೆ ಆಗ ಅರ್ಧದಲ್ಲಿ ನಿಂತ ಜಾಬ್ ಮತ್ತೆ ಶುರುವಾದಾಗ ಎಲ್ಲಿಂದ ಮುಂದುವರಿಯಬೇಕೆಂಬ ಲೆಕ್ಕವನ್ನು ನಾವೇ ಇಡಬೇಕು.

ಎರರ್ ಮೆಸೇಜಿನ ಪಠ್ಯವನ್ನು ನಂಬಿಕೊಳ್ಳುವುದು ಮತ್ತೊಂದು ಬಲೆ. ಹಿಂದೆ ಉದ್ದದ ಪಠ್ಯವನ್ನು ಚಿಕ್ಕ ಕಾಲಂಗೆ ತುಂಬಿದರೆ 8152ನೇ ಎರರ್ ಬರುತ್ತಿತ್ತು, ಯಾವ ಕಾಲಂ ಎಂದು ಹೇಳುತ್ತಿರಲಿಲ್ಲ. ಡೆವಲಪರುಗಳು ವರ್ಷಗಟ್ಟಲೆ ಇದರ ಬಗ್ಗೆ ದೂರಿದ ಮೇಲೆ 2019ರ ಆವೃತ್ತಿಯಲ್ಲಿ 2628 ಬಂತು. ಟೇಬಲ್, ಕಾಲಂ, ಕತ್ತರಿಸಿದ ಬೆಲೆ ಎಲ್ಲವೂ ಅದರಲ್ಲಿರುತ್ತದೆ. ಹುಡುಕುವವರಿಗೆ ದೊಡ್ಡ ಉಪಕಾರ. ಆದರೆ ಅದೇ ಸಂದೇಶವನ್ನು ಹಾಗೆಯೇ ಬ್ರೌಸರಿಗೆ ತೋರಿಸುವ ಅಪ್ಲಿಕೇಶನ್ನಿನಲ್ಲಿ ಸದಸ್ಯರ ವಿಳಾಸದ ತುಣುಕು, ಟೇಬಲ್‌ಗಳ ಹೆಸರು ಹೊರಗೆ ಬೀಳುತ್ತವೆ. ಹಳೆಯ ಸಂಖ್ಯೆಗೆ, ಹಳೆಯ ವಾಕ್ಯಕ್ಕೆ ಹೊಂದಿಸಿ ತಪಾಸಣೆ ಬರೆದವರ ಪ್ರೋಗ್ರಾಮ್ ಹೊಸ ಆವೃತ್ತಿಯಲ್ಲಿ ದಾರಿ ತಪ್ಪುತ್ತದೆ. ಮೇಲೆ ಹೇಳಿದ 547 ಕೂಡ ಇಂಥದ್ದೇ: ಚೆಕ್ ಕನ್‌ಸ್ಟ್ರೇಂಟಿಗೂ ಫಾರಿನ್ ಕೀಗೂ ಅದೇ ಸಂಖ್ಯೆ. ಯಾವ ಕನ್‌ಸ್ಟ್ರೇಂಟ್ ಎಂಬುದು ವಾಕ್ಯದ ನಡುವೆ ಮಾತ್ರ ಇರುತ್ತದೆ, ಅದನ್ನು ಹೆಕ್ಕಲು ಪಠ್ಯವನ್ನೇ ಸೀಳಬೇಕು.

ಬೇರೆ ಡೇಟಾಬೇಸ್‌ಗಳು ಈ ತಕ್ಕಡಿಯನ್ನು ಹೇಗೆ ಹಿಡಿದಿವೆ ಎಂದು ನೋಡಿದರೆ, ಬಹುಪಾಲು ಎರರ್ ಕಡೆಗೇ ವಾಲಿವೆ. ಒರಾಕಲ್‌ನಲ್ಲಿ ಪ್ರೊಸೀಜರಿಗೆ ರಿಟರ್ನ್ ವ್ಯಾಲ್ಯೂ ಎಂಬುದೇ ಇಲ್ಲ, ಅದು ಫಂಕ್ಷನ್‌ಗೆ ಮಾತ್ರ. ನಮ್ಮ ಎರರ್‌ಗಳಿಗಾಗಿ -20000ರಿಂದ -20999ರವರೆಗೆ ಸಾವಿರ ಸಂಖ್ಯೆಗಳನ್ನು ಬಿಟ್ಟುಕೊಟ್ಟಿದೆ. ಆದರೂ ಅಲ್ಲಿನ ಕುಖ್ಯಾತ ರೂಢಿ ಎಂದರೆ ‘ವೆನ್ ಅದರ್ಸ್ ದೆನ್ ನಲ್’, ಯಾವ ಎರರ್ ಬಂದರೂ ನುಂಗಿಬಿಡುವುದು. ಒರಾಕಲ್ ಪರಿಣತ ಟಾಮ್ ಕೈಟ್ ಇದರ ವಿರುದ್ಧ ವರ್ಷಗಟ್ಟಲೆ ಬರೆದರು. 11ಜಿ ಆವೃತ್ತಿಯಿಂದ ಇಂಥ ಕೋಡಿಗೆ ಕಂಪೈಲರ್ ಎಚ್ಚರಿಕೆ ಕೊಡುವ ಸೌಲಭ್ಯವೂ ಬಂತು. ಮೈಎಸ್‌ಕ್ಯೂಎಲ್ 5.0ರಲ್ಲಿ ಪ್ರೊಸೀಜರುಗಳು ಬಂದಾಗ ಎರರ್ ಎಬ್ಬಿಸಲು ಸರಿಯಾದ ಸಾಧನವೇ ಇರಲಿಲ್ಲ. ಜನ ಇಲ್ಲದ ಪ್ರೊಸೀಜರೊಂದನ್ನು ಬೇಕೆಂದೇ ಕರೆದು ಎರರ್ ಹುಟ್ಟಿಸುತ್ತಿದ್ದರು. 5.5ರಲ್ಲಿ ಸಿಗ್ನಲ್ ಬಂದ ಮೇಲೆ 45000 ಎಂಬ ಎಸ್‌ಕ್ಯೂಎಲ್‌ಸ್ಟೇಟ್ ಕೊಟ್ಟು ಎರರ್ ಎಬ್ಬಿಸುವುದು ರೂಢಿಯಾಯಿತು. ಪೋಸ್ಟ್‌ಗ್ರೆಸ್ ನನಗೆ ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಕಾಣುತ್ತದೆ: ಐದಕ್ಷರದ ಸ್ಟೇಟ್ ಕೋಡ್, ಜೊತೆಗೆ ಕನ್‌ಸ್ಟ್ರೇಂಟ್ ಹೆಸರನ್ನು ಪಠ್ಯ ಸೀಳದೆ ಬೇರೆಯಾಗಿಯೇ ಪಡೆಯುವ ದಾರಿ. ಎರರೊಳಗೇ ನಂಬಬಹುದಾದ ಕೋಡ್ ಇದ್ದರೆ ಈ ಎರಡು ಪಂಗಡಗಳ ಜಗಳ ಅರ್ಧ ತಣಿಯುತ್ತದೆ. ಅಲ್ಲಿಯೂ ಬೆಲೆ ಇದ್ದೇ ಇದೆ. ಎಕ್ಸೆಪ್ಷನ್ ಹಿಡಿಯುವ ಪ್ರತಿ ಬ್ಲಾಕ್ ಒಂದು ಒಳ ಟ್ರಾನ್ಸಾಕ್ಷನ್ ತೆರೆಯುತ್ತದೆ. ಅದಿಲ್ಲದ ಬ್ಲಾಕಿಗಿಂತ ಇದು ಸಾಕಷ್ಟು ದುಬಾರಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಕಳಿಸುವುದು ಸರಿಯಾದರೂ ಪಡೆಯುವ ಕಡೆ ತಪ್ಪಿದರೆ ಎರಡೂ ಪಂಗಡಗಳಿಗೆ ಸಮಾನ ನಷ್ಟ. ಎಡಿಒ ಡಾಟ್ ನೆಟ್‌ನಲ್ಲಿ ಡೇಟಾ ರೀಡರ್ ತೆರೆದಿರುವಾಗ ರಿಟರ್ನ್ ವ್ಯಾಲ್ಯೂ ಓದಲು ಹೋದರೆ ಏನೂ ಸಿಗುವುದಿಲ್ಲ. ಸಾಲುಗಳೆಲ್ಲ ಬಂದು ಮುಗಿದ ಮೇಲೆ, ಕೊನೆಯಲ್ಲಿ, ಆ ಬೆಲೆಗಳು ತಂತಿಯ ಮೇಲೆ ಬರುತ್ತವೆ. ರೀಡರ್ ಮುಚ್ಚಿದ ನಂತರವೇ ಓದಬೇಕು. ಎರರ್‌ಗೂ ಇದೇ ತೊಡಕು: ಪ್ರೊಸೀಜರ್ ಮೊದಲು ಒಂದು ಸೆಲೆಕ್ಟ್ ಫಲಿತಾಂಶ ಕಳಿಸಿ ಆಮೇಲೆ ಎರರ್ ಎಬ್ಬಿಸಿದರೆ, ಮೊದಲ ಫಲಿತಾಂಶ ಓದಿ ಕೈಬಿಟ್ಟವರಿಗೆ ಎರರ್ ಕಾಣದೆ ಹೋಗಬಹುದು. ಮುಂದಿನ ಫಲಿತಾಂಶಕ್ಕೆ ಹೋಗುತ್ತ ಕೊನೆ ಮುಟ್ಟಬೇಕು. ಜೆಡಿಬಿಸಿಯಲ್ಲೂ ಗೆಟ್‌ಮೋರ್‌ರಿಸಲ್ಟ್ಸ್ ಎನ್ನುತ್ತ ಕೊನೆಯವರೆಗೆ ಹೋಗಬೇಕಾದ್ದು ಇದಕ್ಕೇ. ಪ್ರೊಸೀಜರಿನ ಮೊದಲ ಸಾಲಿನಲ್ಲಿ ನೋಕೌಂಟ್ ಆನ್ ಹಾಕದಿದ್ದರೆ ‘ಇಷ್ಟು ಸಾಲು ಬದಲಾದವು’ ಎಂಬ ಪ್ರತಿ ಎಣಿಕೆಯೂ ಈ ಫಲಿತಾಂಶಗಳ ನಡುವೆ ಸೇರಿ ಗೊಂದಲ ಹೆಚ್ಚಿಸುತ್ತದೆ.

ಇಬ್ಬರ ಕೈಗೂ ಸಿಗದ ಒಂದು ಪ್ರಸಂಗವೂ ಇದೆ. ಎಡಿಒ ಡಾಟ್ ನೆಟ್‌ನಲ್ಲಿ ಕಮ್ಯಾಂಡ್ ಟೈಮ್‌ಔಟ್ ಸಾಮಾನ್ಯವಾಗಿ 30 ಸೆಕೆಂಡ್. ಅದು ಮುಗಿದರೆ ಕ್ಲೈಂಟ್ ಕೆಲಸ ನಿಲ್ಲಿಸು ಎಂದು ಸರ್ವರಿಗೆ ಹೇಳುತ್ತದೆ. ಪ್ರೊಸೀಜರಿನ ಕ್ಯಾಚ್ ಓಡುವುದಿಲ್ಲ, ರಿಟರ್ನ್ ಸಾಲು ಓಡುವುದಿಲ್ಲ. ಎಕ್ಸ್‌ಆ್ಯಕ್ಟ್_ಅಬಾರ್ಟ್ ಆನ್ ಇಲ್ಲದಿದ್ದರೆ ತೆರೆದ ಟ್ರಾನ್ಸಾಕ್ಷನ್ ಹಾಗೆಯೇ ಲಾಕ್ ಹಿಡಿದು ಉಳಿಯಬಹುದು. ನೆಟ್‌ವರ್ಕ್ ಕಡಿದರಂತೂ ಹಣ ಕಡಿತವಾಯಿತೇ ಇಲ್ಲವೇ ಎಂಬುದೇ ಅಪ್ಲಿಕೇಶನ್‌ಗೆ ಗೊತ್ತಿಲ್ಲ. ಇಲ್ಲಿ ನೆರವಾಗುವುದು ಕೋಡೂ ಅಲ್ಲ, ಎರರೂ ಅಲ್ಲ. ಪ್ರತಿ ವ್ಯವಹಾರಕ್ಕೂ ಮೊದಲೇ ಕೊಟ್ಟ ವಿಶಿಷ್ಟ ಉಲ್ಲೇಖ ಸಂಖ್ಯೆ, ಅದರ ಮೇಲೊಂದು ಯೂನಿಕ್ ಕನ್‌ಸ್ಟ್ರೇಂಟ್. ಮತ್ತೆ ಅದೇ ಸಂಖ್ಯೆಯಿಂದ ಕರೆದಾಗ ಎರಡನೇ ಸಲ ಕಡಿತವಾಗದಂತೆ ಅದು ಕಾಯುತ್ತದೆ.

ಎರಡೂ ಕಡೆ ತೂಗಿದ ಮೇಲೆ ನನ್ನ ತೀರ್ಪು ಹೀಗಿದೆ. ಕರೆದವರು ತಕ್ಷಣ ಏನಾದರೂ ಮಾಡಬೇಕಾದ, ಹೆಸರಿಟ್ಟು ಎಣಿಸಬಹುದಾದ ನಿರಾಕರಣೆಗಳಿಗೆ ಕೋಡ್ ಇರಲಿ: ಹಣ ಸಾಲದು, ಖಾತೆ ಸ್ಥಗಿತ, ಮಿತಿ ಮೀರಿದೆ. ಅವುಗಳ ಪಟ್ಟಿ ಚಿಕ್ಕದಿರಲಿ, ಪ್ರೊಸೀಜರಿನ ತಲೆಯಲ್ಲೇ ಬರೆದಿರಲಿ. ಉಳಿದದ್ದೆಲ್ಲ ಎರರ್ ಆಗಿಯೇ ಮೇಲಕ್ಕೆ ಹೋಗಲಿ. ಏನೆಂದು ಗೊತ್ತಿಲ್ಲದ ಎರರನ್ನು ಕ್ಯಾಚ್‌ನಲ್ಲಿ ಹಿಡಿದು -1 ಮಾಡಿ ಹಿಂದಿರುಗಿಸುವ ಕೋಡನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಪ್ರೊಸೀಜರನ್ನು ಜಾಬ್‌ಗಳೂ ಬೇರೆ ತಂಡಗಳೂ ಕರೆಯುವಲ್ಲಿ, ಕೋಡ್ ನೋಡುತ್ತಾರೆಂಬ ಖಾತರಿ ಇಲ್ಲದಲ್ಲಿ, ಆ ಮೂರು ನಿರಾಕರಣೆಗಳನ್ನೂ 50000ಕ್ಕೆ ಮೇಲಿನ ನಿಗದಿತ ಸಂಖ್ಯೆಗಳ ಥ್ರೋ ಆಗಿ ಎಬ್ಬಿಸುವುದೇ ಸುರಕ್ಷಿತ. ಆ ಸಂಖ್ಯೆಯನ್ನು ನೋಡಿ ಕನ್ನಡ ವಾಕ್ಯ ಆರಿಸುವ ಕೆಲಸ ಅಪ್ಲಿಕೇಶನ್‌ಗೆ ಆಗಲೂ ಸಲೀಸು.

ಯಾವ ದಾರಿ ಹಿಡಿದರೂ ಒಂದು ಕೆಲಸ ಮಾಡಿ. ನಿಮ್ಮ ಪ್ರೊಸೀಜರ್ ಕೊಡಬಹುದಾದ ಪ್ರತಿ ಕೋಡಿಗೂ, ಪ್ರತಿ ಎರರ್ ಸಂಖ್ಯೆಗೂ ಒಂದೊಂದು ಟೆಸ್ಟ್ ಬರೆಯಿರಿ: ಶಿಲ್ಕಿಲ್ಲದ ಖಾತೆ, ಇಲ್ಲದ ಖಾತೆ, ಬೇಕೆಂದೇ ಮಾಡಿದ ಡೆಡ್‌ಲಾಕ್, ಬೇಕೆಂದೇ ಕಡಿದ ಕನೆಕ್ಷನ್. ಅಪ್ಲಿಕೇಶನ್ನಿನ ಪರದೆಯ ಮೇಲೆ ಏನು ಕಾಣಿಸಿತು, ಟೇಬಲ್‌ನಲ್ಲಿ ಏನು ಉಳಿಯಿತು ಎಂಬ ಎರಡನ್ನೂ ಆ ಟೆಸ್ಟ್ ನೋಡಲಿ. ಮುಂದಿನ ಕೋಡ್ ರಿವ್ಯೂನಲ್ಲಿ ಈ ಟೆಸ್ಟ್‌ಗಳು ಎಲ್ಲಿವೆ ಎಂದು ಕೇಳಿ, ಅವಿಲ್ಲದ ಪ್ರೊಸೀಜರನ್ನು ಹಣದ ಟೇಬಲ್‌ಗಳ ಹತ್ತಿರ ಬಿಡಬೇಡಿ.